ನೀರಿನ ಬ್ಯಾರಲ್ ಮುಂದಿಟ್ಟುಕೊಂಡು ಚರ್ಚೆ: ಆರೋಗ್ಯ ನಿಯಮ ಮತ್ತು ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ವಾದಿಸುವ ಕ್ರಮ

ಕಲಬುರಗಿಯ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ನಿರ್ಣಾಯಕನಾಗಿ ಕೂರುವ ಕೆಲಸ ನನ್ನ ಪಾಲಿಗೆ ಹಲವು ವರ್ಷಗಳಿಂದ ಬರುತ್ತಿದೆ. 2020ರ ನಂತರ ‘ಸಾರ್ವಜನಿಕ ಆರೋಗ್ಯ ಮುಖ್ಯವೋ, ವ್ಯಕ್ತಿಸ್ವಾತಂತ್ರ್ಯ ಮುಖ್ಯವೋ’ ಎಂಬ ವಿಷಯ ಒಂದಲ್ಲ ಒಂದು ರೂಪದಲ್ಲಿ ಪ್ರತಿ ವರ್ಷವೂ ವೇದಿಕೆ ಏರುತ್ತದೆ. ಪರ ಮಾತನಾಡುವವರು ‘ಜೀವ ಇದ್ದರೆ ತಾನೇ ಸ್ವಾತಂತ್ರ್ಯ’ ಎಂದು ಆರಂಭಿಸುತ್ತಾರೆ. ವಿರೋಧಿಸುವವರು ‘ಸ್ವಾತಂತ್ರ್ಯವಿಲ್ಲದ ಜೀವವೂ ಒಂದು ಜೀವವೇ’ ಎಂದು ಕೇಳುತ್ತಾರೆ. ಎರಡಕ್ಕೂ ಚಪ್ಪಾಳೆ ಬೀಳುತ್ತದೆ, ಆದರೆ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಗುವುದೇ ಇಲ್ಲ. ಇಂತಹ ಚರ್ಚೆಯನ್ನು ಉಪಯುಕ್ತವಾಗಿ ನಡೆಸುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳಿಗೂ, ಸ್ಪರ್ಧೆ ಏರ್ಪಡಿಸುವ ಅಧ್ಯಾಪಕರಿಗೂ, ಊರಿನ ಕಟ್ಟೆಯ ಮೇಲೆ ಇದೇ ವಿಷಯಕ್ಕೆ ದಿನವೂ ಜಗಳವಾಡುವ ನಮ್ಮಂಥವರಿಗೂ ಒಟ್ಟಿಗೆ ಹೇಳಲು ಇದನ್ನು ಬರೆಯುತ್ತಿದ್ದೇನೆ.

ವಿಷಯವನ್ನು ಮೊದಲು ಕಿರಿದು ಮಾಡಿಕೊಳ್ಳಿ

ಆರೋಗ್ಯ ಬೇಡವೆನ್ನುವವರೂ ಇಲ್ಲ, ಸ್ವಾತಂತ್ರ್ಯ ಬೇಡವೆನ್ನುವವರೂ ಇಲ್ಲ. ಆದುದರಿಂದ ಎರಡರಲ್ಲಿ ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲ. ಜಗಳ ಇರುವುದು ಒಂದು ನಿರ್ದಿಷ್ಟ ನಿಯಮದ ಬಗ್ಗೆ: ಅದನ್ನು ಯಾರು ಮಾಡಿದರು, ಯಾರ ಮೇಲೆ ಮಾಡಿದರು, ಎಷ್ಟು ಕಾಲಕ್ಕೆ ಮಾಡಿದರು, ಅದರ ಭಾರ ಯಾರ ಹೆಗಲಿಗೆ ಬಿತ್ತು. ಹಾಗಾಗಿ ಸಂಘಟಕರು ಮಾಡಬೇಕಾದ ಮೊದಲ ಕೆಲಸವೆಂದರೆ ವಿಷಯವನ್ನು ಒಂದು ನಿಯಮಕ್ಕೆ ಇಳಿಸುವುದು.

ನಾನು ಸೂಚಿಸುವ ವಿಷಯ ಹೀಗಿದೆ: ‘ಸೊಳ್ಳೆ ಹುಟ್ಟಲು ಅವಕಾಶ ಕೊಟ್ಟ ಮನೆಯವರಿಗೆ ದಂಡ ವಿಧಿಸುವುದು ಸರಿಯೆಂದು ಈ ಸಭೆ ಭಾವಿಸುತ್ತದೆ.’ ಇದು ಕಲ್ಪನೆಯ ವಿಷಯವಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಯ ತಾಣಗಳನ್ನು ಇರಿಸಿಕೊಂಡ ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ, ನಗರದ ನಿರ್ಮಾಣ ಹಂತದ ಕಟ್ಟಡಕ್ಕೆ 2,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಕೊರೊನಾ ಕಾಲದ ಕೋಪತಾಪಗಳು ಇದರಲ್ಲಿ ಅಷ್ಟಾಗಿ ಬೆರೆತಿಲ್ಲ, ಮೊತ್ತ ಚಿಕ್ಕದು, ಸಂಗತಿ ಎಲ್ಲರ ಮನೆಯ ಹಿತ್ತಲಿನದು; ಹಾಗಿದ್ದರೂ ಆರೋಗ್ಯ ಮತ್ತು ಸ್ವಾತಂತ್ರ್ಯದ ನಡುವಿನ ಪ್ರತಿಯೊಂದು ಕಠಿಣ ಪ್ರಶ್ನೆಯೂ ಇದರೊಳಗೆ ಅಡಗಿದೆ.

ಈ ವಿಷಯವನ್ನು ಮೊದಲ ಸಲ ಕೊಟ್ಟಾಗ ಪರ ಪಕ್ಷದ ಹುಡುಗ ಸೊಳ್ಳೆಯ ಜೀವನಚಕ್ರವನ್ನು ಸೊಗಸಾಗಿ ವಿವರಿಸಿ ಕುಳಿತ. ಹಿಂದಿನ ಸಾಲಿನಿಂದ ಎದ್ದ ಒಬ್ಬ ವಿದ್ಯಾರ್ಥಿನಿ, “ಸರ, ನಮ್ಮ ಓಣ್ಯಾಗ ನಳ ಬರೋದೇ ಎಂಟು ದಿನಕ್ಕೊಮ್ಮಿ. ಬ್ಯಾರಲ್ ತುಂಬಿ ಇಡಲಾರ್ದ ಏನ್ ಮಾಡ್ಬೇಕ್ರಿ? ದಂಡ ಹಾಕೋರು ಮೊದಲ ನೀರು ಬಿಡ್ಲಿ,” ಎಂದಳು. ಸಭೆ ನಕ್ಕಿತು. ಆದರೆ ಆ ದಿನದ ಅತ್ಯುತ್ತಮ ವಾದ ಅದೇ ಆಗಿತ್ತು, ಮತ್ತು ಅದಕ್ಕೆ ಉತ್ತರಿಸಲು ಪರ ಪಕ್ಷದವರ ಬಳಿ ಒಂದು ವಾಕ್ಯವೂ ಸಿದ್ಧವಿರಲಿಲ್ಲ.

ಅಭಿಪ್ರಾಯಕ್ಕಿಂತ ಮೊದಲು ಆದೇಶವನ್ನು ಓದಿ

ನಮ್ಮಲ್ಲಿ ಹೆಚ್ಚಿನ ವಾದಿಗಳು ನಿಯಮದ ಬಗ್ಗೆ ಪತ್ರಿಕೆಯ ತಲೆಬರಹವನ್ನಷ್ಟೇ ಓದಿರುತ್ತಾರೆ. ನೀವು ಆದೇಶದ ಪಠ್ಯವನ್ನೇ ಓದಿ, ಅದು ಯಾವ ಕಾಯಿದೆಯ ಆಧಾರದ ಮೇಲೆ ಹೊರಟಿದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಶಾಸನಸಭೆ ಅಂಗೀಕರಿಸಿದ ಕಾಯಿದೆ, ಅದರಡಿ ಸರ್ಕಾರ ರೂಪಿಸಿದ ನಿಯಮ, ಜಿಲ್ಲಾಧಿಕಾರಿಗಳು ಹೊರಡಿಸಿದ ಆದೇಶ, ಇಲಾಖೆ ನೀಡಿದ ಸಲಹೆ, ಈ ನಾಲ್ಕಕ್ಕೂ ತೂಕ ಬೇರೆ ಬೇರೆ. ಸಲಹೆಯನ್ನು ಪಾಲಿಸದವನನ್ನು ಅಪರಾಧಿ ಎನ್ನಲಾಗದು. ಕಾಯಿದೆಯನ್ನು ಬರಿಯ ಸಲಹೆ ಎಂದು ತಳ್ಳಿಹಾಕಲಾಗದು. ಈ ಗಡಿ ಎಷ್ಟು ಸುಲಭವಾಗಿ ಅಳಿಸಿಹೋಗುತ್ತದೆ ಎಂಬುದಕ್ಕೆ ಆರೋಗ್ಯ ಸೇತು ಆ್ಯಪ್ ಉದಾಹರಣೆ: 2020ರ ಏಪ್ರಿಲ್‌ನಲ್ಲಿ ಸ್ವಯಂಪ್ರೇರಿತವೆಂದು ಬಂದದ್ದು, ಮೇ 1ರ ಕೇಂದ್ರದ ಆದೇಶದಲ್ಲಿ ನೌಕರರಿಗೆ ಕಡ್ಡಾಯವಾಯಿತು, ಅದೇ ತಿಂಗಳ 17ರ ಆದೇಶದಲ್ಲಿ ‘ಸಾಧ್ಯವಾದಷ್ಟು ಪ್ರಯತ್ನಿಸಿ’ ಎಂಬಷ್ಟಕ್ಕೆ ಮೆದುವಾಯಿತು. ಮೂರು ಹಂತಗಳಲ್ಲಿ ಯಾವುದರ ಬಗ್ಗೆ ವಾದಿಸುತ್ತಿದ್ದೇವೆಂದು ಹೇಳದೆ ವಾದಿಸಿದರೆ ಇಬ್ಬರೂ ಸರಿಯಾಗಿಯೇ ಇರುತ್ತಾರೆ, ಇಬ್ಬರೂ ತಪ್ಪಾಗಿಯೂ ಇರುತ್ತಾರೆ.

ಕಾಯಿದೆಗಳ ಇತಿಹಾಸವನ್ನೂ ಸ್ವಲ್ಪ ತಿಳಿದಿರಬೇಕು. ‘1897ರ ಬ್ರಿಟಿಷರ ಕಾಯಿದೆಯಿಂದಲೇ ಇಂದಿಗೂ ನಮ್ಮನ್ನು ಆಳಲಾಗುತ್ತಿದೆ’ ಎಂಬ ಮಾತು ವಿರೋಧ ಪಕ್ಷದವರ ಬಾಯಲ್ಲಿ ತಪ್ಪದೆ ಬರುತ್ತದೆ. ಆ ಕಾಯಿದೆ ಮುಂಬೈಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗಿಗಾಗಿ ಬಂದದ್ದು ನಿಜ, ಕೆಲವೇ ಕಲಮುಗಳಲ್ಲಿ ಸರ್ಕಾರಕ್ಕೆ ಅಪಾರ ಅಧಿಕಾರ ಕೊಟ್ಟದ್ದೂ ನಿಜ. ಆದರೆ ಆಗ ಕಲಬುರಗಿ, ಬೀದರ್, ಯಾದಗಿರಿ ನಿಜಾಮನ ರಾಜ್ಯದಲ್ಲಿದ್ದವು. ಸ್ವಾತಂತ್ರ್ಯಾನಂತರ ಉಳಿದುಬಂದ ಪಠ್ಯವೂ 1956ರ ನವೆಂಬರ್ 1ಕ್ಕೆ ಮೊದಲು ‘ಬಿ’ ವರ್ಗದ ರಾಜ್ಯಗಳಲ್ಲಿದ್ದ (ಎಂದರೆ ಹಿಂದಿನ ಸಂಸ್ಥಾನಗಳಿಂದಾದ ರಾಜ್ಯಗಳಲ್ಲಿದ್ದ) ಪ್ರದೇಶಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು, ಹೈದರಾಬಾದ್ ಅಂತಹ ಒಂದು ರಾಜ್ಯ. ಈ ಹೊರಗಿಡುವಿಕೆಯನ್ನು ತೆಗೆದುಹಾಕಿದ್ದು 2020ರ ತಿದ್ದುಪಡಿ. ಅದೇ ವರ್ಷ ರಾಜ್ಯವೂ ತನ್ನದೇ ಆದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿಕೊಂಡಿತು. ಡೆಂಗಿ ದಂಡದ ಬೇರು ಇರುವುದು ಇದರಲ್ಲಿ. ಎದುರಾಳಿ 1897 ಎಂದು ಗುಡುಗಿದಾಗ ನೀವು ಶಾಂತವಾಗಿ ಇದನ್ನು ಹೇಳಿದರೆ ಸಾಕು, ಅರ್ಧ ಸ್ಪರ್ಧೆ ಅಲ್ಲಿಗೆ ಮುಗಿಯುತ್ತದೆ. ದೇಶವ್ಯಾಪಿ ಲಾಕ್‌ಡೌನಿಗೆ ಮುಖ್ಯ ಆಧಾರವಾದದ್ದು 2005ರ ವಿಪತ್ತು ನಿರ್ವಹಣಾ ಕಾಯಿದೆ. ಆದೇಶ ಉಲ್ಲಂಘನೆಗೆ ಅಂದು ಹಾಕುತ್ತಿದ್ದ ದಂಡ ಸಂಹಿತೆಯ 188ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಮು ಬಂದಿದೆ. ಹಳೆಯ ಟಿಪ್ಪಣಿಗಳನ್ನು ಹಿಡಿದು ಬರುವವರು ಇಲ್ಲಿ ಎಡವುತ್ತಾರೆ.

ಸಂವಿಧಾನವನ್ನು ಗದೆಯಂತೆ ಬೀಸಬೇಡಿ

‘21ನೇ ವಿಧಿ’ ಎಂದು ಮೇಜು ಕುಟ್ಟಿದ ಮಾತ್ರಕ್ಕೆ ವಾದವಾಗುವುದಿಲ್ಲ, ಏಕೆಂದರೆ ಆ ವಿಧಿ ಜೀವವನ್ನೂ ವೈಯಕ್ತಿಕ ಸ್ವಾತಂತ್ರ್ಯವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ, ಎರಡೂ ಪಕ್ಷಗಳು ಅದನ್ನು ತಮ್ಮದೆನ್ನಬಹುದು. 19ನೇ ವಿಧಿ ದೇಶದೊಳಗೆ ಎಲ್ಲಿಗಾದರೂ ಹೋಗಿಬರುವ, ಯಾವ ವೃತ್ತಿಯನ್ನಾದರೂ ನಡೆಸುವ ಹಕ್ಕನ್ನು ಕೊಡುತ್ತದೆ. ಅದರ ಮುಂದಿನ ಉಪವಿಧಿಗಳು ಸಾರ್ವಜನಿಕ ಹಿತಕ್ಕಾಗಿ ‘ಯುಕ್ತ’ ನಿರ್ಬಂಧಗಳಿಗೆ ಅವಕಾಶ ಕೊಡುತ್ತವೆ. 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟಿದೆ ಎಂಬುದು ಆ ವಿಧಿಯ ಮೊದಲ ಪದಗಳಲ್ಲೇ ಇದೆ. 47ನೇ ವಿಧಿ ಜನರ ಆರೋಗ್ಯವನ್ನು ಉತ್ತಮಪಡಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳಲ್ಲಿ ಒಂದು ಎನ್ನುತ್ತದೆ. ಹಾಗಾಗಿ ಸರ್ಕಾರಕ್ಕೆ ಅಧಿಕಾರ ಇದೆಯೇ ಎಂಬ ಪ್ರಶ್ನೆಯ ಮೇಲೆ ಸಮಯ ಕಳೆಯಬೇಡಿ. ಇದೆ. ಅದು ಬಳಸಿದ ಅಳತೆ ಯುಕ್ತವೇ ಎಂಬುದೇ ಪ್ರಶ್ನೆ.

ಆ ಅಳತೆಗೋಲು ನಮಗೆ ಸಿಕ್ಕಿದ್ದು 2017ರ ಆಗಸ್ಟ್ 24ರಂದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. ಆ ಹಕ್ಕಿನಲ್ಲಿ ಸರ್ಕಾರ ಕೈಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಬಳಸುವ ಉಪಾಯ ಆ ಉದ್ದೇಶದ ಪ್ರಮಾಣಕ್ಕೆ ತಕ್ಕಂತಿರಬೇಕು. ಮೂರನೆಯದನ್ನು ನಾನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವುದು ಹೀಗೆ: ಈ ಉಪಾಯದಿಂದ ನಿಜವಾಗಿ ಕೆಲಸವಾಗುತ್ತದೆಯೇ? ಇದಕ್ಕಿಂತ ಕಡಿಮೆ ನೋವಿನ ಇನ್ನೊಂದು ಉಪಾಯ ಇತ್ತೇ? ಬರುವ ಲಾಭ, ಆಗುವ ನಷ್ಟಕ್ಕೆ ಸಮನಾಗುತ್ತದೆಯೇ? ತಪ್ಪಾಗಿ ದಂಡ ತೆತ್ತವನು ಎಲ್ಲಿ ಹೋಗಿ ಕೇಳಬೇಕು?

ಇವನ್ನು ಡೆಂಗಿಯ ದಂಡಕ್ಕೆ ಹಚ್ಚಿ ನೋಡೋಣ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯ ಕೊಳಕು ನೀರಿಗಿಂತ ಹೆಚ್ಚಾಗಿ ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಅದು ಹಗಲಿನಲ್ಲಿ ಕಚ್ಚುತ್ತದೆ, ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ದೂರ ಹೋಗುವುದಿಲ್ಲ. ಪರ ಪಕ್ಷಕ್ಕೆ ಇಷ್ಟು ಸಾಕು: ನನ್ನ ಬ್ಯಾರಲ್ಲಿನಲ್ಲಿ ಹುಟ್ಟಿದ್ದು ನನ್ನ ಕಂಪೌಂಡಿನೊಳಗೇ ಉಳಿಯುವುದಿಲ್ಲ, ಪಕ್ಕದ ಮನೆಯ ಮಗುವಿಗೆ ಅದನ್ನು ತಡೆಯುವ ಆಯ್ಕೆಯೂ ಇರುವುದಿಲ್ಲ, ಆದುದರಿಂದ ಇದು ನನ್ನ ಖಾಸಗಿ ವಿಚಾರವಾಗಿ ಉಳಿದಿಲ್ಲ. ಉದ್ದೇಶ ನ್ಯಾಯಸಮ್ಮತವೆಂಬುದನ್ನು ಇಷ್ಟರಿಂದಲೇ ಸ್ಥಾಪಿಸಬಹುದು.

ವಿರೋಧ ಪಕ್ಷ ಅಲ್ಲಿ ಜಗಳ ತೆಗೆಯದೆ ಮುಂದಿನ ಪ್ರಶ್ನೆಗೆ ಹೋಗಬೇಕು. ಭೀಮಾ ಮತ್ತು ಬೆಣ್ಣೆತೊರೆಯ ನೀರು ದಿನವೂ ನಳಕ್ಕೆ ಬರುವುದಾದರೆ ಯಾರೂ ಆರೇಳು ಬ್ಯಾರಲ್ ತುಂಬಿಡುವುದಿಲ್ಲ. ನಳ ಬರುವ ಅಂತರ ಸೊಳ್ಳೆ ಹುಟ್ಟುವ ಅವಧಿಗೆ ಹತ್ತಿರವಾಗಿರುವ ಓಣಿಯಲ್ಲಿ ‘ವಾರಕ್ಕೊಮ್ಮೆ ಪಾತ್ರೆಗಳನ್ನು ಖಾಲಿ ಮಾಡಿ ಒಣಗಿಸಿ’ ಎಂದು ಹೇಳುವುದೆಂದರೆ ಕುಡಿಯುವ ನೀರನ್ನೇ ಚೆಲ್ಲಿ ಎಂದು ಹೇಳಿದಂತೆ. ನೀರು ಸಂಗ್ರಹಿಸುವ ಅನಿವಾರ್ಯತೆಯನ್ನು ವ್ಯವಸ್ಥೆಯೇ ಸೃಷ್ಟಿಸಿ, ಅದರ ಫಲಕ್ಕೆ ಮನೆಯವರನ್ನು ದಂಡಿಸುವುದು ಯುಕ್ತವೇ? ಮೇಲ್ತೊಟ್ಟಿಗೆ ಮುಚ್ಚಳ ಹಾಕಿಸಿಕೊಂಡ ಮನೆಗೂ, ತಗಡಿನ ಜೋಪಡಿಯ ಮುಂದೆ ಒಡೆದ ಮುಚ್ಚಳದ ಬ್ಯಾರಲ್ ಇಟ್ಟ ಕೂಲಿಯವಳಿಗೂ ಒಂದೇ 400 ರೂಪಾಯಿ ಎಂಬುದು ಸಮಾನತೆಯೇ?

ಇಲ್ಲಿಗೆ ಬಂದ ಮೇಲೆ ಪರ ಪಕ್ಷ ಸುಮ್ಮನೆ ಕೂರಬೇಕಾಗಿಲ್ಲ. ನೀರನ್ನು ಚೆಲ್ಲಲೇಬೇಕೆಂದಿಲ್ಲ, ಬಟ್ಟೆ ಕಟ್ಟಿ ಮುಚ್ಚಿದರೂ ಸಾಕು, ಲಾರ್ವಾನಾಶಕ ಹಾಕಿಸಿಕೊಂಡರೂ ಸಾಕು ಎಂದು ಅದು ಉತ್ತರಿಸಬಹುದು. ಮೊದಲ ಭೇಟಿಯಲ್ಲಿ ತಿಳಿವಳಿಕೆ, ಎರಡನೆಯದರಲ್ಲಿ ಎಚ್ಚರಿಕೆ, ಮೂರನೆಯದರಲ್ಲಿ ಮಾತ್ರ ದಂಡ ಎಂಬ ಕ್ರಮವನ್ನು ತನ್ನ ವಾದದಲ್ಲೇ ಸೇರಿಸಿಕೊಳ್ಳಬಹುದು. ನನಗೆ ಕೇಳಿದರೆ, ಮನೆಗಳ ವಿಷಯದಲ್ಲಿ ವಿರೋಧ ಪಕ್ಷದ ಕೈ ಮೇಲಿದೆ, ನಿರ್ಮಾಣ ಹಂತದ ಕಟ್ಟಡಗಳ ವಿಷಯದಲ್ಲಿ ಪರ ಪಕ್ಷದ ಕೈ ಮೇಲಿದೆ. ಅರ್ಧ ಎದ್ದ ಗೋಡೆಗಳ ನಡುವೆ ತಿಂಗಳುಗಟ್ಟಲೆ ನೀರು ನಿಲ್ಲಿಸಿದ ಮಾಲೀಕನಿಗೆ ಅನಿವಾರ್ಯತೆಯ ನೆಪ ಇಲ್ಲ. ಒಂದೇ ನಿಯಮದ ಒಂದು ಭಾಗವನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸುವ ಧೈರ್ಯವಿರುವ ತಂಡಕ್ಕೆ ನಾನು ಯಾವಾಗಲೂ ಹೆಚ್ಚು ಅಂಕ ಕೊಟ್ಟಿದ್ದೇನೆ.

ಮನೆಯೊಳಗೆ ಬರುವ ಅಧಿಕಾರಿ

ದಂಡಕ್ಕಿಂತ ದೊಡ್ಡ ಪ್ರಶ್ನೆ ಹೊಸಿಲು ದಾಟುವ ಅಧಿಕಾರ. ಲಾರ್ವಾ ಇದೆಯೇ ಎಂದು ನೋಡಲು ಯಾರಾದರೂ ಒಳಗೆ ಬರಲೇಬೇಕು. 1897ರಲ್ಲಿ ಪುಣೆಯ ಪ್ಲೇಗ್ ಸಮಿತಿಯ ಅಧ್ಯಕ್ಷನಾಗಿದ್ದ ಬ್ರಿಟಿಷ್ ಅಧಿಕಾರಿ ರ್‍ಯಾಂಡ್ ಮನೆಮನೆಯ ತಪಾಸಣೆಗೆ ಸೈನಿಕರನ್ನು ಬಳಸಿದ; ದೇವರಕೋಣೆ, ಅಡುಗೆಮನೆ ಎನ್ನದೆ ನುಗ್ಗಿದರೆಂಬ ಕೋಪ ಊರೆಲ್ಲ ಹಬ್ಬಿತು; ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು; ಅದೇ ವರ್ಷ ತಿಲಕರು ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದರು. ಪ್ಲೇಗ್ ನಿಜವಾದ ಅಪಾಯವಾಗಿತ್ತು, ತಪಾಸಣೆಗೆ ಕಾರಣವೂ ಇತ್ತು, ಆದರೂ ಜನ ರೋಗಕ್ಕಿಂತ ತಪಾಸಣೆಯನ್ನೇ ಹೆಚ್ಚು ದ್ವೇಷಿಸಿದರು. ಇದನ್ನು ವಿರೋಧ ಪಕ್ಷ ಹೇಳಿದರೆ, ಪರ ಪಕ್ಷ ಕೇಳಬೇಕಾದ ಮರುಪ್ರಶ್ನೆ ಇದು: ಇಂದು ಬರುವವರು ಯಾರು? ನಮ್ಮ ಓಣಿಗೆ ಬರುವುದು ಬಂದೂಕಿನ ಸೈನಿಕನಲ್ಲ, ಅದೇ ಓಣಿಯ ಆಶಾ ಕಾರ್ಯಕರ್ತೆ. ಅವಳು ಬ್ಯಾಟರಿ ಹಾಕಿ ಬ್ಯಾರಲ್ ಇಣುಕಿ ನೋಡಿದರೆ ಯಾರೂ ಬೇಸರಿಸುವುದಿಲ್ಲ. ಆದರೆ ಅವಳ ಕೈಗೆ ದಂಡದ ರಸೀದಿ ಪುಸ್ತಕ ಬಂದ ದಿನ ಅದೇ ಮನೆಯವರು ಬಾಗಿಲು ತೆರೆಯುತ್ತಾರೆಯೇ? ತೆರೆಯದೆ ಹೋದರೆ ಮಕ್ಕಳ ಲಸಿಕೆಗೂ, ಗರ್ಭಿಣಿಯ ನೋಂದಣಿಗೂ ಅವಳು ಯಾವ ಮುಖದಿಂದ ಹೋಗಬೇಕು? ಈ ಪ್ರಶ್ನೆಯನ್ನು ಚರ್ಚೆಯಲ್ಲಿ ಯಾರೂ ಎತ್ತದಿರುವುದು ನನಗೆ ಪ್ರತಿ ಸಲವೂ ಆಶ್ಚರ್ಯ ತರುತ್ತದೆ.

ತನಗೆ ಮಾಡಿಕೊಳ್ಳುವ ಕೇಡು, ಇತರರಿಗೆ ಮಾಡುವ ಕೇಡು

ಹೋಲಿಕೆಗಳನ್ನು ಬಳಸುವಾಗ ಅವುಗಳ ಸ್ಥಾನವನ್ನು ಗಮನಿಸಿ. ಹೆಲ್ಮೆಟ್ ಹಾಕದವನು ಮುಖ್ಯವಾಗಿ ತನ್ನ ತಲೆಯನ್ನೇ ಪಣಕ್ಕಿಡುತ್ತಾನೆ. ಸಾರ್ವಜನಿಕ ಸ್ಥಳದಲ್ಲಿ ಬೀಡಿ ಸೇದುವವನು ಪಕ್ಕದವನ ಶ್ವಾಸಕೋಶವನ್ನೂ ಸೇರಿಸಿಕೊಳ್ಳುತ್ತಾನೆ. ಡೆಂಗಿಯ ಬ್ಯಾರಲ್ ಇಡೀ ಓಣಿಗೆ ಸೇರಿದ್ದು. ಕೊರೊನಾದಂತಹ ಉಸಿರಿನ ರೋಗದಲ್ಲಿ ರೋಗಿಗೆ ತಾನು ಹರಡುತ್ತಿದ್ದೇನೆಂಬುದೇ ತಿಳಿಯದಿರಬಹುದು. ಹೆಲ್ಮೆಟ್ಟಿನ ಉದಾಹರಣೆಯಿಂದ ಲಸಿಕೆಯ ಕಡ್ಡಾಯವನ್ನು ಸಮರ್ಥಿಸಲು ಹೊರಟವರು ಈ ಮೆಟ್ಟಿಲುಗಳನ್ನು ಒಮ್ಮೆಗೇ ಹಾರುತ್ತಾರೆ, ಬೀಳುತ್ತಾರೆ.

ಹೆಲ್ಮೆಟ್ಟಿನಲ್ಲೂ ಒಂದು ಸ್ವಾರಸ್ಯವಿದೆ. ಮೋಟಾರು ವಾಹನ ಕಾಯಿದೆಯ 129ನೇ ಕಲಮು ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿದೆ. ನಾನಕ್ ಝೀರಾ ಗುರುದ್ವಾರ ಇರುವ ಬೀದರಿನಲ್ಲಿ ಇದು ಪುಸ್ತಕದ ಸಂಗತಿಯಲ್ಲ, ರಸ್ತೆಯಲ್ಲಿ ಕಾಣುವ ಸಂಗತಿ. ಕೇಡು ಮುಖ್ಯವಾಗಿ ತನಗೇ ಆಗುವ ಕಡೆ ಕಾನೂನು ನಂಬಿಕೆಗೆ ಜಾಗ ಬಿಟ್ಟಿದೆ. ಕೇಡು ಇತರರಿಗೆ ತಗಲುವ ಕಡೆ ಅಂತಹ ವಿನಾಯಿತಿ ಕೇಳುವವರು ಹೆಚ್ಚಿನ ಕಾರಣ ಕೊಡಬೇಕಾಗುತ್ತದೆ. ಗುಟ್ಕಾದ ಉದಾಹರಣೆಯನ್ನು ಇನ್ನೊಂದು ಉದ್ದೇಶಕ್ಕೆ ಇಟ್ಟುಕೊಳ್ಳಿ. ರಾಜ್ಯ ಅದನ್ನು 2013ರಲ್ಲಿ ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಗಿರಾಕಿ ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಂಡ. ನಿಯಮ ಇರುವುದು ಬೇರೆ, ಅದು ಕೆಲಸ ಮಾಡುವುದು ಬೇರೆ ಎಂಬುದಕ್ಕೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಯಾವ ಪಾನ್ ಡಬ್ಬಿಯ ಮುಂದೆ ನಿಂತರೂ ಸಾಕ್ಷಿ ಸಿಗುತ್ತದೆ.

ತೀರ್ಪುಗಳ ಎರಡೂ ಅರ್ಧವನ್ನು ಓದಿ

ಲಸಿಕೆಯ ಬಗ್ಗೆ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಜೇಕಬ್ ಪುಲಿಯೆಲ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಎರಡೂ ಕಡೆಯವರು ಅರ್ಧರ್ಧ ಹರಿದುಕೊಂಡಿದ್ದಾರೆ. ದೇಹದ ಮೇಲಿನ ಹಕ್ಕು 21ನೇ ವಿಧಿಯಲ್ಲಿ ಸೇರಿದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂಬುದು ಒಂದು ಅರ್ಧ. ಸರ್ಕಾರದ ಲಸಿಕಾ ನೀತಿ ಅಯುಕ್ತವಲ್ಲ, ಸಮುದಾಯದ ಆರೋಗ್ಯಕ್ಕಾಗಿ ಮಿತಿಗೆ ಒಳಪಟ್ಟ ನಿರ್ಬಂಧಗಳನ್ನು ಹೇರಬಹುದು ಎಂಬುದು ಇನ್ನೊಂದು ಅರ್ಧ. ಲಸಿಕೆ ಪಡೆಯದವರ ಮೇಲಿನ ನಿರ್ಬಂಧಗಳು ಸೋಂಕು ಇಳಿದಿದ್ದ ಆ ಸಮಯದಲ್ಲಿ ಪ್ರಮಾಣಬದ್ಧವಲ್ಲ ಎಂದು ಅದು ಹೇಳಿತು. ‘ಆ ಸಮಯದಲ್ಲಿ’ ಎಂಬ ಮಾತನ್ನು ಬಿಟ್ಟು ಈ ತೀರ್ಪನ್ನು ಉದ್ಧರಿಸುವವರನ್ನು ನಾನು ಅಂಕಪಟ್ಟಿಯಲ್ಲಿ ಕೆಳಗಿಳಿಸುತ್ತೇನೆ. ನಿರ್ಬಂಧಕ್ಕೆ ಕಾಲದ ಮಿತಿ ಇರಬೇಕೆಂಬುದೇ ಈ ಇಡೀ ವಿಷಯದ ಹೃದಯ. ಅಪಾಯ ಇಳಿದ ಮೇಲೂ ಉಳಿದ ನಿಯಮವನ್ನು ಸಮರ್ಥಿಸುವ ಹೊಣೆ ಅದನ್ನು ಉಳಿಸಿಕೊಂಡವರದು. ಡೆಂಗಿಯ ದಂಡಕ್ಕೂ ಇದನ್ನು ಕೇಳಬಹುದು: ಮಳೆಗಾಲ ಮುಗಿದು ಪ್ರಕರಣಗಳು ತಗ್ಗಿದ ಮೇಲೂ ಅದು ಅದೇ ಬಿಗಿಯಲ್ಲಿ ನಡೆಯಬೇಕೇ?

ಪಕ್ಷ ರಾಜಕೀಯ ನುಸುಳಿದಾಗ

ಅದು ನುಸುಳಿಯೇ ನುಸುಳುತ್ತದೆ, ತಡೆಯಲು ಹೋಗಬೇಡಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ. ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯಲ್ಲಿದೆ. ಹಾಗಾಗಿ ಲಾಕ್‌ಡೌನಿನ ಕಾಲದ ಯಾವ ನಿರ್ಧಾರವನ್ನಾದರೂ ಎತ್ತಿಕೊಂಡರೆ ಅದರಲ್ಲಿ ಕೇಂದ್ರದ ಪಾಲು ಎಷ್ಟು, ರಾಜ್ಯದ ಪಾಲು ಎಷ್ಟು, ಪಾಲಿಕೆಯ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಬಲ್ಲವರು ಮಾತ್ರ ಬೈಯುವ ಹಕ್ಕನ್ನು ಗಳಿಸುತ್ತಾರೆ. ತಯಾರಿಯ ವೇಳೆ ನಾನು ಮಾಡಿಸುವ ಒಂದು ಅಭ್ಯಾಸವಿದೆ: ನಿಮ್ಮ ಭಾಷಣದಲ್ಲಿ ಪಕ್ಷದ ಹೆಸರು ಬಂದ ಕಡೆಯಲ್ಲೆಲ್ಲ ಅದನ್ನು ಹೊಡೆದುಹಾಕಿ ಎದುರು ಪಕ್ಷದ ಹೆಸರು ಬರೆದು ಗಟ್ಟಿಯಾಗಿ ಓದಿ. ಆಗಲೂ ನಿಮಗೆ ಅಷ್ಟೇ ಸಿಟ್ಟು ಬಂದರೆ ಆ ವಾಕ್ಯ ಉಳಿಯಲಿ. ಹೆಚ್ಚಿನ ವಾಕ್ಯಗಳು ಉಳಿಯುವುದಿಲ್ಲ.

ಇನ್ನು ಅನುಭವ ಮಂಟಪದ ಮಾತು. ಬಸವಕಲ್ಯಾಣ ನಮ್ಮ ಪಕ್ಕದಲ್ಲೇ ಇರುವುದರಿಂದ ಈ ಭಾಗದ ಪ್ರತಿ ಭಾಷಣವೂ ಅಲ್ಲಿಂದಲೇ ಆರಂಭವಾಗುತ್ತದೆ. ಅಭಿಮಾನ ಸಹಜ, ಆದರೆ ನಿಮಗಿರುವುದು ಐದು ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ಹನ್ನೆರಡನೆಯ ಶತಮಾನಕ್ಕೆ ಹೋದರೆ ಬ್ಯಾರಲ್ಲಿಗೆ ಏನು ಉಳಿಯುತ್ತದೆ?

2020ರ ನೆನಪನ್ನು ಮುಟ್ಟುವಾಗ

ಬೇರೆ ಊರಿನಲ್ಲಿ ಇದು ಉದಾಹರಣೆ, ನಮ್ಮಲ್ಲಿ ಗಾಯ. ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ಕಲಬುರಗಿಯ 76 ವರ್ಷದ ಹಿರಿಯರದು. ಅವರು 2020ರ ಮಾರ್ಚ್ 10ರಂದು ತೀರಿಕೊಂಡರು, ಕಾರಣ ಖಚಿತವಾದದ್ದು 12ರಂದು. ಮೇ ತಿಂಗಳಲ್ಲಿ ಮುಂಬೈ, ಪುಣೆಗಳಿಂದ ಮರಳಿದ ಕೂಲಿಕಾರರು ಕಲಬುರಗಿ ಮತ್ತು ಯಾದಗಿರಿಯ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದರು. ಅದೇ ತಿಂಗಳ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡಿನಿಂದ ಬರುವವರನ್ನು ತಿಂಗಳ ಕೊನೆಯವರೆಗೆ ಬಿಟ್ಟುಕೊಳ್ಳುವುದಿಲ್ಲವೆಂದು ರಾಜ್ಯ ಹೇಳಿತು. ಮನೆಯಲ್ಲಿ ಕ್ವಾರಂಟೈನ್ ಆದವರು ಬೆಳಗಿನ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆದೇಶವೂ ಇದೇ ರಾಜ್ಯದಲ್ಲಿ ಬಂದಿತ್ತು. ಇವೆಲ್ಲ ಚರ್ಚೆಗೆ ಬಲವಾದ ಸಾಮಗ್ರಿ. ಸೆಲ್ಫಿಯ ಆದೇಶವನ್ನು ಮೇಲಿನ ನಾಲ್ಕು ಪ್ರಶ್ನೆಗಳಿಗೆ ಒಡ್ಡಿ ನೋಡಿ, ವಿರೋಧ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸ್ಮಾರ್ಟ್‌ಫೋನ್ ಇಲ್ಲದವನು, ಜ್ವರದಿಂದ ಮಲಗಿದವನು ಏನು ಮಾಡಬೇಕಿತ್ತು ಎಂಬಲ್ಲಿಂದ ಆರಂಭಿಸಿ.

ಆದರೆ ಒಂದು ಗೆರೆ ಇರಲಿ. ‘ಇಂಥ ಜನರಿಂದಲೇ ರೋಗ ಬಂತು’ ಎಂಬ ಮಾತು, ಅದು ಜಾತಿಯ ಮೇಲೋ ಧರ್ಮದ ಮೇಲೋ ಮುಂಬೈಯಿಂದ ಬಂದ ಕೂಲಿಯವರ ಮೇಲೋ ಯಾವುದರ ಮೇಲೆ ಬಂದರೂ, ಸಭಾಪತಿ ಗಂಟೆ ಬಾರಿಸಿ ನಿಲ್ಲಿಸಬೇಕು. ನಾವು ಚರ್ಚಿಸುತ್ತಿರುವುದು ನಿಯಮವನ್ನು ಮತ್ತು ವರ್ತನೆಯನ್ನು. ಸಭೆಯಲ್ಲಿ ಆ ವರ್ಷ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರು ಒಬ್ಬರಾದರೂ ಇರುತ್ತಾರೆಂದು ತಿಳಿದೇ ವಾಕ್ಯಗಳನ್ನು ಕಟ್ಟಿ. ಮೃತರ ಹೆಸರು, ಓಣಿ, ಮನೆತನ ಯಾವುದೂ ವೇದಿಕೆಗೆ ಬರಬಾರದು.

ಅಂಕಿಗಳು

ಇಲ್ಲಿ ನನ್ನದೇ ತಪ್ಪನ್ನು ಹೇಳಬೇಕು. ಒಮ್ಮೆ ಒಂದು ಕಾಲೇಜಿನಲ್ಲಿ ಅಂಕಿಗಳ ಮಳೆ ಸುರಿಸಿದ ಹುಡುಗನಿಗೆ ನಾನು ಮೊದಲ ಬಹುಮಾನ ಕೊಟ್ಟೆ. ಊಟದ ವೇಳೆ ಕುತೂಹಲಕ್ಕೆ ಅವು ಎಲ್ಲಿಯವು ಎಂದು ಕೇಳಿದಾಗ ಅವನು ಮೊಬೈಲ್ ತೆಗೆದು ವಾಟ್ಸ್ಆ್ಯಪ್ಪಿನಲ್ಲಿ ಬಂದಿದ್ದ ಒಂದು ಸಂದೇಶ ತೋರಿಸಿದ. ಅದಕ್ಕೆ ಮೂಲವೂ ಇರಲಿಲ್ಲ, ದಿನಾಂಕವೂ ಇರಲಿಲ್ಲ. ಅಂದಿನಿಂದ ನಾನು ಸ್ಪರ್ಧೆಯ ನಿಯಮದಲ್ಲೇ ಸೇರಿಸಿದ್ದೇನೆ: ಅಂಕಿ ಹೇಳಿದರೆ ಯಾರದು, ಯಾವ ವರ್ಷದ್ದು, ಎಷ್ಟು ಜನರಲ್ಲಿ ಎಂಬ ಮೂರನ್ನೂ ಹೇಳಬೇಕು, ಹೇಳಲಾಗದ ಅಂಕಿಯನ್ನು ಎದುರಾಳಿ ಒಂದೇ ಪ್ರಶ್ನೆಯಿಂದ ತೆಗೆದುಹಾಕಬಹುದು. ಡೆಂಗಿಯಲ್ಲಿ ಇದು ಇನ್ನೂ ಮುಖ್ಯ. ಸೋಂಕು ತಗಲಿದ ಬಹಳಷ್ಟು ಜನರಿಗೆ ಲಕ್ಷಣಗಳೇ ಇರುವುದಿಲ್ಲ, ಇದ್ದರೂ ಸೌಮ್ಯವಾಗಿರುತ್ತವೆ, ಆದುದರಿಂದ ವರದಿಯಾದ ಪ್ರಕರಣಗಳ ಸಂಖ್ಯೆ ಪರೀಕ್ಷೆ ಎಷ್ಟು ನಡೆಯಿತೆಂಬುದನ್ನೂ ಅವಲಂಬಿಸಿರುತ್ತದೆ. ದಂಡ ಬಂದ ವರ್ಷ ಪ್ರಕರಣ ಇಳಿದರೆ ದಂಡದಿಂದಲೇ ಇಳಿಯಿತೆಂದು ಹೇಳಲಾಗದು, ಮಳೆಯೂ ಕಡಿಮೆ ಬಿದ್ದಿರಬಹುದು.

ಖಂಡನೆ ಮತ್ತು ಮಾತಿನ ರೀತಿ

ಎದುರಾಳಿಯ ದುರ್ಬಲ ವಾಕ್ಯವನ್ನು ಹಿಡಿದು ನಗಿಸುವುದು ಸುಲಭ. ಅದರ ಬದಲು ಅವರ ಅತಿ ಬಲವಾದ ಮಾತನ್ನು ನಿಮ್ಮ ಬಾಯಿಂದ ಒಮ್ಮೆ ಸರಿಯಾಗಿ ಹೇಳಿ, ‘ನಿಮ್ಮ ವಾದ ಇದು ತಾನೇ?’ ಎಂದು ಕೇಳಿ, ಅವರು ಒಪ್ಪಿದ ಮೇಲೆ ಉತ್ತರಿಸಿ. ಎರಡು ನಿಮಿಷದ ಖಂಡನೆಯಲ್ಲಿ ಅರ್ಧ ನಿಮಿಷ ಇದಕ್ಕೆ ಕೊಟ್ಟರೆ ನಷ್ಟವಿಲ್ಲ. ವೇದಿಕೆಯ ಭಾಷೆ ಗ್ರಾಂಥಿಕವಾಗಿರಲೇಬೇಕೆಂಬ ಹಟವೂ ಬೇಡ. ಸಭೆಯಿಂದ ಪ್ರಶ್ನೆ ಕೇಳುವವರಿಗೆ ಮನೆಯ ಮಾತಿನಲ್ಲೇ, ದಖನಿ ಉರ್ದುವಿನಲ್ಲಿ ಕೇಳಿದರೂ ಅಡ್ಡಿಯಿಲ್ಲವೆಂದು ಮೊದಲೇ ಹೇಳಿಬಿಡಿ. ನಳದ ವಿಷಯ ಗೊತ್ತಿರುವವರು ಆಗಲೇ ಬಾಯಿ ತೆರೆಯುತ್ತಾರೆ. ಸ್ಪರ್ಧೆಗೆ ಮೊದಲು ಪ್ರತಿ ತಂಡವೂ ‘ಇಂಥ ಸಾಕ್ಷ್ಯ ಸಿಕ್ಕರೆ ನಮ್ಮ ನಿಲುವು ಬದಲಾಗುತ್ತದೆ’ ಎಂಬ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದು ಸಭಾಪತಿಗೆ ಕೊಡಲಿ. ಚೀಟಿ ಖಾಲಿ ಬಿಟ್ಟವರು ಬಂದಿರುವುದು ಪ್ರಚಾರಕ್ಕೆ.

ಸಮಯದ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಾರ್ಯಕ್ರಮ ಇಟ್ಟುಕೊಂಡರೆ ಬೆಳಿಗ್ಗೆ ಎಂಟಕ್ಕೇ ಆರಂಭಿಸಿ. ಬಿಸಿಲಿನ ಕಾರಣಕ್ಕೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು 8ರಿಂದ 1.30ರವರೆಗೆ ನಡೆಯುತ್ತವೆ, ಅದೂ ಒಂದು ಆರೋಗ್ಯ ನಿಯಮವೇ, ಆದರೆ ಅದರ ವಿರುದ್ಧ ಸ್ವಾತಂತ್ರ್ಯದ ಹೆಸರಿನಲ್ಲಿ ಮಾತನಾಡಿದವರನ್ನು ನಾನಿನ್ನೂ ಕಂಡಿಲ್ಲ. ಸಭಾಂಗಣದ ಹೊರಗೆ ಕುಡಿಯುವ ನೀರಿನ ವ್ಯವಸ್ಥೆ ಇರಲಿ. ಆ ಡ್ರಮ್ಮಿಗೆ ಮುಚ್ಚಳ ಇದೆಯೇ ಎಂದು ಸಂಘಟಕರು ಖುದ್ದಾಗಿ ನೋಡಿಕೊಳ್ಳಲಿ, ಏಕೆಂದರೆ ವಿರೋಧ ಪಕ್ಷದವರು ಒಳಗೆ ಬರುವಾಗ ಮೊದಲು ಇಣುಕುವುದು ಅದರೊಳಗೇ.